ಕೂಗುಗಲ್ಲಿನ ಮನೆತನ

ಫೆಬ್ರವರಿ 11, 1974, ಸೋಮವಾರ

ಅಣ್ಣ ಕ್ಲೆಮ್ ತೀರಿಹೋಗಿ ತಿಂಗಳಾಯಿತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವಾದ್ದರಿಂದ ಈ ಪುಸ್ತಕದ ಜೊತೆ ಮಾತಾಡೋಣ ಎಂದು ಶುರುಮಾಡಿದ್ದೇನೆ. ಅವನು ಇದ್ದಾಗಲೂ ನಾವು ಹೆಚ್ಚು ಮಾತಾಡುತ್ತಿರಲಿಲ್ಲ, ಅದು ಬೇರೆ ವಿಷಯ. ಆದರೆ ಅವನ ಕೆಮ್ಮಿಗೂ ನನ್ನ ಗೊಣಗಾಟಕ್ಕೂ ಒಂದು ಹೊಂದಾಣಿಕೆ ಇತ್ತು. ಈಗ ನಾನು ಗೊಣಗಿದರೆ ಗೋಡೆ ಕೇಳಬೇಕು. ಒಲೆಯ ಪಕ್ಕದ ಅವನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ, ಕೂರಿಸುವುದೂ ಇಲ್ಲ.

ಇವತ್ತು ಪಾದ್ರಿ ಗಾರ್ಬಟ್ ಬಂದಿದ್ದರು. ಎರಡು ಹೋಳು ಪ್ಲಮ್ ಬ್ರೆಡ್ಡು, ಅದರ ಮೇಲೆ ಚೀಸು, ಮೂರು ಕಪ್ಪು ಟೀ ಒಳಗೆ ಹೋದ ಮೇಲೆ ಬಂದ ಕೆಲಸ ಹೊರಗೆ ಬಂತು.

"ಮಿಸ್ ಮಿಯರ್‌ಸ್ಟನ್, ಮೇ ತಿಂಗಳಲ್ಲಿ ಊರಿನ ಎಲ್ಲೆ ಸುತ್ತೋದಿದೆಯಲ್ಲ. ಮುಂದೆ ನಡೆಯೋರು ವಿಲೋ ಕೋಲು ಹಿಡ್ಕೊಂಡು ಒಂದೊಂದು ಗಡಿಕಲ್ಲಿಗೂ ಬಡೀತಾರಲ್ಲ, ಅದು ಊರಿನ ಅತಿ ಹಳೇ ಮನೆತನದ ಹಕ್ಕು ಅಂತ ಕೇಳಿದೀನಿ."

ಕೇಳಿದ್ದಾರಂತೆ! ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅಪ್ಪ ಹಿಡಿದರು, ಅಪ್ಪನ ನಂತರ ಕ್ಲೆಮ್ ಹಿಡಿದ. ಪೂರ್ತಿ ಸ್ಕೆಲ್ಬಿ ಊರು ಅವರ ಹಿಂದೆ ನಡೆಯಿತು.

"ಈಗ ಮಿಸ್ಟರ್ ರೋಲಂಡ್ ಟಪ್‌ಹೋಮ್ ಅವರು ತಮ್ಮ ಮನೆತನವೇ ಹಳೇದು, ಕೋಲು ತಮಗೆ ಬರಬೇಕು ಅಂತಿದಾರೆ. ನಿಮ್ಮ ಮನೇಲಿ ಗಂಡಸರೂ ಉಳಿದಿಲ್ಲ, ಅಂತ..."

"ಅಂತ ಅವನಂದ್ನೋ, ನೀವಂತಿದೀರೋ?"

ಪಾದ್ರಿ ಮೂರನೆಯ ಹೋಳಿನ ಕಡೆ ನೋಡಿದರು. ನಾನು ತಟ್ಟೆ ತೆಗೆದುಬಿಟ್ಟೆ. ಕೊನೆಗೆ ತೀರ್ಮಾನವಾದದ್ದು ಇಷ್ಟು: ಏಪ್ರಿಲ್ ಕೊನೆಗೆ ಊರ ಸಭೆ. ಅಷ್ಟರೊಳಗೆ ಯಾರ ಮನೆತನ ಹಳೆಯದೆಂದು ತೋರಿಸುತ್ತಾರೋ ಅವರಿಗೆ ಕೋಲು.

ತೋರಿಸುವುದೇನು ಬಂತು, ನಮ್ಮ ಹೆಸರಿನಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ 'ಮಿಯರ್' ಎಂದರೆ ಕೆರೆ. ಊರಿನ ತಗ್ಗಿನಲ್ಲಿ ಹಿಂದೆ ದೊಡ್ಡ ಕೆರೆಯಿತ್ತು, ಮಠದ ಸನ್ಯಾಸಿಗಳ ಕಾಲದಲ್ಲಿ ಅದು ನಮ್ಮವರದಾಗಿತ್ತು, ದಂಡೆಯ ಮೇಲಿನ ಕಲ್ಲುಮನೆ ನಮ್ಮದು, ಅದಕ್ಕೇ ಮಿಯರ್‌ಸ್ಟನ್ ಎಂಬ ಹೆಸರು ಎಂದು ಅಪ್ಪ ಹೇಳುತ್ತಿದ್ದರು. ಆ ಹೆಸರಿನವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಕೋಲು ನಮ್ಮ ಮನೆ ಬಿಟ್ಟರೆ ಹೆಸರೂ ಊರು ಬಿಟ್ಟ ಹಾಗೆ.

ಫೆಬ್ರವರಿ 20

ಹಳೆಯ ದೀಕ್ಷಾಸ್ನಾನದ ಪುಸ್ತಕಗಳು ಚರ್ಚಿನ ಹಿಂಕೋಣೆಯ ಪೆಟ್ಟಿಗೆಯಲ್ಲಿವೆ. ಬೀಗದ ಕೈ ಒಂದೇ. ಆದ್ದರಿಂದ ಬುಧವಾರ ಬುಧವಾರ ಇಬ್ಬರೂ ಒಟ್ಟಿಗೆ ಬಂದು ಹುಡುಕಿಕೊಳ್ಳಬೇಕೆಂದು ಪಾದ್ರಿಯ ಅಪ್ಪಣೆ. ಹೋಗಿ ನೋಡಿದರೆ ಟಪ್‌ಹೋಮ್ ಆಗಲೇ ಬಂದು ಕೂತಿದ್ದ, ಕುರಿಯ ವಾಸನೆ ಹೊಡೆಯುತ್ತಾ.

"ಏನಮ್ಮಾ ಹೆಸ್ಟರ್, ಕೋಲು ಎತ್ತೋ ತ್ರಾಣ ಇದೆಯಾ?"

"ಶಾಲೆ ಅಡಿಗೆಮನೇಲಿ ಹಂಡೆ ಹಂಡೆ ಆಲೂಗಡ್ಡೆ ಇಳಿಸಿದ ಕೈ ಕಣಯ್ಯಾ ಇದು. ನೀನು ಒಂದು ಕುರಿಮರಿ ಎತ್ತೋಕೆ ಮೂರು ಸಲ ದೇವರ ಹೆಸ್ರು ಹೇಳ್ತೀಯ."

ಚರ್ಚಿನ ನೆಲದಲ್ಲಿ 1688ರ ಟಪ್‌ಹೋಮ್ ಒಬ್ಬನ ಸಮಾಧಿಕಲ್ಲಿದೆ. ಅದರ ಮೇಲೆ ಕಾಲಿಟ್ಟು ನಡೆದೇ ನಾವೆಲ್ಲ ದೊಡ್ಡವರಾದದ್ದು. ಆದ್ದರಿಂದ ನಾನು ಅದಕ್ಕಿಂತ ಹಿಂದಿನ ಮಿಯರ್‌ಸ್ಟನ್ ಒಬ್ಬನನ್ನು ಹಿಡಿಯಬೇಕು. ತೊಂದರೆಯೆಂದರೆ ಅವನಿಗೆ ಹಳೆಯ ಕೈಬರಹ ಓದಲು ಬರುವುದಿಲ್ಲ, ನನಗೆ ಬರುತ್ತದೆ, ಆದರೆ ಕಣ್ಣು ಮಂಜು. ಅವನು ದೀಪ ಹಿಡಿದು ಅಕ್ಷರದ ಆಕಾರ ಹೇಳುವುದು, ನಾನು ಅದು ಏನೆಂದು ಹೇಳುವುದು. ಕುರುಡನ ಹೆಗಲ ಮೇಲೆ ಕುಂಟ ಎಂದಾಯಿತು. ಮೂರು ಗಂಟೆಯಲ್ಲಿ ಎರಡು ಪುಟ.

ಮಾರ್ಚ್ 6

ಮಳೆ. ಮಂಡಿ ನೋವು. ಹಿಂದಕ್ಕೆ 1800ರವರೆಗೆ ಮಿಯರ್‌ಸ್ಟನ್‌ಗಳು ಸಾಲಾಗಿ ಸಿಕ್ಕರು, ಎಲ್ಲರೂ ಕುರಿ ಕಾಯುವವರು. ಟಪ್‌ಹೋಮ್ "ಕೆರೆ ಎಲ್ಲಿ ಹೋಯ್ತು?" ಎಂದು ಕೇಳಿದ. ಬತ್ತಿತು ಎಂದೆ.

ಮಾರ್ಚ್ 13

ಟಪ್‌ಹೋಮ್ ಬರಲಿಲ್ಲ. ಕುರಿಗಳು ಮರಿ ಹಾಕುವ ಕಾಲವಂತೆ. ಅವನ ಹರಟೆಯಿಲ್ಲದಿದ್ದರೆ ಕೆಲಸ ಬೇಗ ಸಾಗುತ್ತದೆ ಅಂದುಕೊಂಡಿದ್ದೆ. ಸಾಗಲಿಲ್ಲ. ದೀಪ ಸರಿಯಿರಲಿಲ್ಲ.

ಮಾರ್ಚ್ 20

ಈ ಸಲವೂ ಬರಲಿಲ್ಲ. ಬರದವನು ಹೇಳಿಕಳಿಸಬಾರದೇ? ಅವನ ಪಾಲಿಗೆಂದು ಕಟ್ಟಿಕೊಂಡು ಹೋಗಿದ್ದ ಹಂದಿಮಾಂಸದ ಹೋಳನ್ನು ನಾನೇ ತಿಂದೆ. ರಾತ್ರಿ ಎದೆಯುರಿ.

ಮಾರ್ಚ್ 27

ಇವತ್ತು ಬಂದ. ಕಣ್ಣೆಲ್ಲ ಕೆಂಪು, ಗಡ್ಡ ಬೆಳೆದಿದೆ, ಆದರೂ ಅವಳಿ ಮರಿಗಳ ಸುದ್ದಿಯನ್ನು ತಾನೇ ಹೆತ್ತವನ ಹಾಗೆ ಹೇಳಿದ. ಬಂದಿದ್ದೇ ಬಂತು, ಜಗಳವಾಡಿಕೊಂಡು ಹೋದ. ಅಲ್ಲ, ನಾನೇ ಎದ್ದು ಬಂದೆ.

ಆದದ್ದಿಷ್ಟು. 1741ರ ಮೇ ತಿಂಗಳಲ್ಲಿ ಥಾಮಸ್ ಮಿಯರ್‌ಸ್ಟನ್ ಎಂಬ ಮಗುವಿಗೆ ದೀಕ್ಷಾಸ್ನಾನವಾಗಿದೆ. ಅದರ ಹಿಂದೆ ಹುಡುಕಿದರೆ ಒಬ್ಬ ಮಿಯರ್‌ಸ್ಟನ್ನೂ ಇಲ್ಲ. ಟಪ್‌ಹೋಮ್‌ಗಳೋ ಪ್ರತಿ ಪುಟದಲ್ಲೂ ಬಿದ್ದು ಹೊರಳಾಡುತ್ತಿದ್ದಾರೆ.

"ಹಳೇ ಪುಟಗಳನ್ನ ಇಲಿ ತಿಂದಿದೆ, ಕಾಣಲ್ವಾ?" ಎಂದೆ.

"ಕಾಣುತ್ತೆ. ಆದ್ರೆ ಇಲಿ ಮಿಯರ್‌ಸ್ಟನ್‌ಗಳನ್ನೇ ಹುಡುಕ್ಕೊಂಡು ತಿಂತಾ?"

ನಗು ಬಂತು, ತಡೆದುಕೊಂಡೆ. ಆಮೇಲೆ ಅವನು ಆ ಸಾಲಿನ ಮೇಲೆ ಬೆರಳಿಟ್ಟ. "ಅಲ್ಲ ಹೆಸ್ಟರ್, ಈ ಪುಟದಲ್ಲಿ ಎಲ್ಲಾ ಮಕ್ಳಿಗೂ ಅಪ್ಪ ಇದಾನೆ, ಅಮ್ಮ ಇದಾಳೆ. ಇವನೊಬ್ಬನಿಗೇ ಯಾರೂ ಇಲ್ವಲ್ಲ?"

ಬರೆದವನು ಸೋಮಾರಿ ಎಂದೆ. ಬಾಕಿಯವರಿಗೆ ಸೋಮಾರಿ ಅಲ್ವಲ್ಲ ಎಂದ. ಕೆರೆಯ ಒಡೆಯರಿಗೆ ಅಪ್ಪನ ಹೆಸರು ಬರೆಯುವ ಅಗತ್ಯವಿರಲಿಲ್ಲ, ಊರಿಗೇ ಗೊತ್ತಿತ್ತು ಎಂದೆ. ಅವನು ಜೋರಾಗಿ ನಕ್ಕ. ನಾನು ಕೋಟು ಹಾಕಿಕೊಂಡು ಬಂದುಬಿಟ್ಟೆ. ಮೂಗಿನ ತುದಿಯಲ್ಲಿ ಕೋಪ ನಮ್ಮ ವಂಶದ ಗುಣ, ಅದಕ್ಕೆ ಬೇರೆ ದಾಖಲೆ ಬೇಡ.

ಏಪ್ರಿಲ್ 3

ಹೋಗಲಿಲ್ಲ.

ಏಪ್ರಿಲ್ 9, ಮಂಗಳವಾರ

ಯೋಚನೆ ಮಾಡಿದೆ. ಥಾಮಸನ ಅಪ್ಪ ಅಮ್ಮ ಪಕ್ಕದ ಹಾಥ್ವಿಕ್ ಊರಿನಿಂದ ಬಂದಿರಬಹುದು. ಅಲ್ಲಿಯ ಸ್ಮಶಾನದಲ್ಲಿ ಹಳೆಯ ಮಿಯರ್‌ಸ್ಟನ್‌ಗಳ ಕಲ್ಲು ಸಿಕ್ಕರೆ ನನ್ನ ಕೆಲಸವಾಯಿತು. ಬೆಳಗಿನ ಬಸ್ಸು ಹಿಡಿದೆ. ಒಂದೊಂದೇ ಕಲ್ಲು ಬಗ್ಗಿ ಓದುತ್ತಿದ್ದಾಗ, ಗಂಡನ ಸಮಾಧಿಯ ಮೇಲಿನ ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಐವಿ ಡೌಟಿ ಎಂದು ಹೆಸರು, ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಕಣ್ಣು ಹದ್ದಿನದು.

"ಯಾರನ್ನವ್ವಾ ಹುಡುಕ್ತಿದೀಯ? ಸತ್ತೋರೋ, ಸಾಯೋಕಿರೋರೋ?"

ಮಿಯರ್‌ಸ್ಟನ್ ಎಂದು ನನ್ನ ಹೆಸರು ಹೇಳಿದೆ.

"ಮಿಯರ್‌ಸ್ಟನ್ನಾ! ಅಯ್ಯೋ, ಅದು ಕಲ್ಲಿನ ಹೆಸರಲ್ವೇನೇ?"

"ಕಲ್ಲಲ್ಲ. ಮಿಯರ್ ಅಂದ್ರೆ ಕೆರೆ."

"ಯಾವ ಕೆರೆ? ನಮ್ಮಜ್ಜಿ ಹೊಲದ ಬದೂನೂ ಮಿಯರ್ ಅಂತಲೇ ಅಂತಿದ್ಲು. ಮಿಯರ್ ಅಂದ್ರೆ ಎಲ್ಲೆ ಕಣೇ. ಮಿಯರ್‌ಸ್ಟನ್ ಅಂದ್ರೆ ಎಲ್ಲೆಗಲ್ಲು. ನಿಮ್ಮೂರಿಗೂ ನಮ್ಮೂರಿಗೂ ನಡುವೆ ಗುಡ್ಡದ ಮೇಲೆ ನಿಂತಿದ್ಯಲ್ಲ, ಅದು."

"ಅದು ಕೂಗುಗಲ್ಲು."

"ನೀವಂತೀರಿ. ನಮಗೆ ಅದು ಹಿಂದಿಂದ್ಲೂ ಮಿಯರ್‌ಸ್ಟನ್ನೇ. ವರ್ಷಾ ವರ್ಷಾ ನಾವೂ ಎಲ್ಲೆ ಸುತ್ಕೊಂಡು ಅಲ್ಲಿಗೆ ಬಂದಾಗ ಮುಂದಿರೋನು 'ಇದು ಯಾರ್ದು?' ಅಂತ ಮೂರು ಸಲ ಕೇಳ್ತಾನೆ. ನಾವೆಲ್ಲ ಬಾಯ್ಬಡ್ಕೋತೀವಿ, 'ನಮ್ದಲ್ಲ! ನಮ್ದಲ್ಲ! ನಮ್ದಲ್ಲ!' ಅಂತ. ಚಿಕ್ಕೋರಿದ್ದಾಗ ಅದನ್ನ ಕೂಗೋಕೆ ಅಂತ್ಲೇ ನಾವು ಹೋಗ್ತಿದ್ದಿದ್ದು."

"ಯಾಕೆ ಹಾಗೆ ಕೂಗ್ತೀರಿ?"

"ಯಾರಿಗ್ಗೊತ್ತು? ನಮ್ಮಪ್ಪ ಕೂಗ್ದ, ನಾನು ಕೂಗ್ದೆ. ನೀವೇನು ಕೂಗ್ತೀರಿ?"

ನಾವೂ ಅಲ್ಲಿ ಕೂಗುತ್ತೇವೆ. ನಮ್ಮ ಕಡೆಯ ಮುಂದಾಳೂ ಅದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾನೆ. ನಾವು "ನಮ್ದು!" ಎನ್ನುತ್ತೇವೆ. ಆ ಗುಡ್ಡದ ಹುಲ್ಲುಗಾವಲಿಗಾಗಿ ಹಿಂದೆ ಎರಡು ಊರಿಗೂ ಹೊಡೆದಾಟವಾಗಿತ್ತು, ಅದಕ್ಕೇ ಈ ಕೂಗು ಎಂದು ನಮ್ಮ ಊರಿನಲ್ಲಿ ಎಲ್ಲರೂ ಹೇಳುವುದು.

ವಾಪಸು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಹುಲ್ಲುಗಾವಲಿಗೆ ಹೊಡೆದಾಡುವವರು ಎಲ್ಲಿಯಾದರೂ "ನಮ್ಮದಲ್ಲ" ಎಂದು ಕೂಗುತ್ತಾರೆಯೇ? ನೆಲವಾದರೆ ಇಬ್ಬರೂ ತಮ್ಮದೇ ಎನ್ನುತ್ತಾರೆ. ಒಂದು ಊರು ತನ್ನದಲ್ಲ ಎಂದು ಇನ್ನೊಂದು ಊರಿನ ಕಡೆ ತಳ್ಳುವುದು ಯಾವುದನ್ನು? ಸಾಕುವ ಭಾರವಿರುವುದನ್ನು. ಆಗಿನ ಕಾಲದಲ್ಲಿ ದಿಕ್ಕಿಲ್ಲದ ಮಗು ಯಾವ ಊರಿನ ಎಲ್ಲೆಯೊಳಗೆ ಸಿಕ್ಕಿತೋ ಆ ಊರೇ ಅದಕ್ಕೆ ಅನ್ನ ಹಾಕಬೇಕಿತ್ತು, ಸಿಕ್ಕಿದ ಜಾಗದ ಹೆಸರನ್ನೇ ಇಡುತ್ತಿದ್ದರು. ಚರ್ಚಿನ ಬಾಗಿಲಲ್ಲಿ ಸಿಕ್ಕಿದರೆ ಚರ್ಚ್, ಸೇತುವೆಯ ಕೆಳಗೆ ಸಿಕ್ಕಿದರೆ ಬ್ರಿಜ್.

ಎಲ್ಲೆಗಲ್ಲಿನ ಬುಡದಲ್ಲಿ ಸಿಕ್ಕಿದರೆ ಮಿಯರ್‌ಸ್ಟನ್.

ನನ್ನ ನಿಲ್ದಾಣ ಬಂದು ಹೋದದ್ದೂ ತಿಳಿಯಲಿಲ್ಲ. ಮುಂದಿನ ಊರಿನಲ್ಲಿ ಇಳಿದು ಮಳೆಯಲ್ಲಿ ನಡೆದು ಬಂದೆ.

ಏಪ್ರಿಲ್ 14, ಈಸ್ಟರ್

ಕೆರೆ ಹೋಯಿತು, ಕಲ್ಲುಮನೆ ಹೋಯಿತು, ಸನ್ಯಾಸಿಗಳೂ ಹೋದರು. ಉಳಿದದ್ದು ಒಂದು ಕಲ್ಲು, ಅದರ ಬುಡದಲ್ಲಿ ಬಟ್ಟೆ ಸುತ್ತಿಟ್ಟ ಒಂದು ಮಗು. ಚರ್ಚಿನಲ್ಲಿ ಎಲ್ಲರೂ ಹಾಡುತ್ತಿದ್ದಾಗ ನನಗೆ ಬಾಯಿ ಬರಲಿಲ್ಲ. ಅಪ್ಪ ಎಷ್ಟು ಎದೆಯುಬ್ಬಿಸಿ ನಡೆಯುತ್ತಿದ್ದರು! ಅಳು ಬಂತು. ಅಪ್ಪನಿಗಾಗಿಯೋ ಆ ಮಗುವಿಗಾಗಿಯೋ ಗೊತ್ತಿಲ್ಲ.

ನನ್ನನ್ನು ಬಿಟ್ಟು ಇದು ಯಾರಿಗೂ ತಿಳಿಯದು. ಸಭೆಯಲ್ಲಿ ಸುಮ್ಮನಿದ್ದರೆ ಇಲಿಯ ಮೇಲೆ ಹಾಕಿ ಪಾರಾಗಬಹುದು. ಪಾದ್ರಿಗೆ ಒಂದು ದೊಡ್ಡ ಹೋಳು ಪ್ಲಮ್ ಬ್ರೆಡ್ಡು ಸಾಕು.

ಏಪ್ರಿಲ್ 17

ರೋಲಂಡ್ ಬಂದಿದ್ದ. ಎರಡು ಬುಧವಾರ ನಾನು ಕಾಣಲಿಲ್ಲವೆಂದು ನೋಡಲು ಬಂದನಂತೆ, ಕೈಯಲ್ಲಿ ಒಂದು ಟೋಪಿ ತುಂಬ ಮೊಟ್ಟೆ. ಬೂಟು ಹೊರಗೆ ಬಿಟ್ಟು ಒಳಗೆ ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಕಾಲುಚೀಲ ಬಿಚ್ಚಿಸಿ ಹೊಲಿಯುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಹೊಲಿಗೆ ಕೈಯಲ್ಲಿದ್ದರೆ ಎದುರಿಗಿದ್ದವರ ಮುಖ ನೋಡಬೇಕಾಗಿಲ್ಲ.

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಬಗ್ಗಿ ಒಲೆಗೆ ಒಂದು ಕಟ್ಟಿಗೆ ಹಾಕಿದ.

"ಮೇ ತಿಂಗಳೇ ಆಗಿದ್ರೂ ಗುಡ್ಡದ ಮೇಲೆ ಚಳಿ ಇರ್ತಿತ್ತು," ಎಂದ. "ಮರಿ ಆದ್ರೆ ಒಂದು ರಾತ್ರಿ ಕಳಿಯಲ್ಲ."

"ಮರಿ ಅಲ್ವಲ್ಲ."

"ಆಗ ಊರ ಹಿರೀಕರು ನಮ್ಮೋರೇ. ನಮ್ಮೋರೇ 'ನಮ್ದು' ಅಂದಿರ್ಬೇಕು."

"ಇಲ್ಲಾ, ಎಲ್ರೂ ಅಂದ್ಮೇಲೆ ವಿಧಿಯಿಲ್ದೆ ಅಂದಿರ್ಬೇಕು."

"ಅದೂ ಇರ್ಬಹುದು. ಟಪ್‌ಹೋಮ್‌ಗಳು ಜಿಪುಣರು." ಕಾಲುಚೀಲ ಹಾಕಿಕೊಂಡು ಎದ್ದು ನಿಂತ. "ನೋಡು, ಈ ಮಾತು ನನ್ನ ಹೊಟ್ಟೇಲೇ ಇರ್ಲಿ. ಇಲಿ ತಿಂತು ಅನ್ನೋಣ. ನಿಂಗೆ ಕೋಲು ಬೇಕು, ತಗೋ."

"ನಿಂಗೆ ಬೇಡ್ವಾ?"

"ಬೇಕಿತ್ತು. ಕ್ಲೆಮ್ ಮುಂದೆ ನಡೀವಾಗ ಅವನ ಬೆನ್ನು ನೋಡಿ ನೋಡಿ ನಂಗೆ ಸಾಕಾಗಿತ್ತು." ಬಾಗಿಲ ಹತ್ತಿರ ಟೋಪಿ ತಿರುಗಿಸುತ್ತಾ, "ಈಗ ಆ ಬೆನ್ನೂ ಇಲ್ವಲ್ಲ," ಎಂದು ಹೋದ.

ಮೊಟ್ಟೆಗಳು ದೊಡ್ಡವು, ಕಂದು ಬಣ್ಣದವು. ರಾತ್ರಿ ಎರಡು ಬೇಯಿಸಿಕೊಂಡೆ. ಬಹಳ ದಿನಗಳ ಮೇಲೆ ಊಟ ರುಚಿಸಿತು. ಒಳ್ಳೆಯ ಮೇವು ಹಾಕುತ್ತಾನೆ ಎಂದು ಕಾಣುತ್ತದೆ.

ಏಪ್ರಿಲ್ 30

ಸಭೆ ಮುಗಿಸಿ ಈಗ ಬಂದೆ. ಕೋಟೂ ಬಿಚ್ಚದೆ ಬರೆಯುತ್ತಿದ್ದೇನೆ, ಅಕ್ಷರ ಕೋಳಿಕಾಲು.

ಹೇಳಬಾರದು ಎಂದುಕೊಂಡೇ ಹೋಗಿದ್ದೆ. ಆದರೆ ಪಾದ್ರಿ ಎದ್ದು "ಮಿಸ್ ಮಿಯರ್‌ಸ್ಟನ್ ತಮ್ಮ ಮನೆತನದ ಬಗ್ಗೆ ಹೇಳ್ತಾರೆ" ಎಂದಾಗ, ಕೆರೆ ಎಂದು ಶುರುಮಾಡಲು ನಾಲಿಗೆ ಏಳಲಿಲ್ಲ. ಯಾರಿಗೂ ಬೇಡವಾದ ಮಗುವನ್ನು ನಾನು ಇನ್ನೊಂದು ಸಲ ಬೇಡ ಎಂದ ಹಾಗಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಥ್ವಿಕ್‌ನವರ ಕೂಗು, ನಮ್ಮ ಕೂಗು, ಕಲ್ಲಿನ ಹೆಸರು, ಥಾಮಸ್. "ಅಲ್ಲಿಂದೀಚೆಗೆ ನಾವು. ಅದಕ್ಕೆ ಹಿಂದೆ ಯಾರೂ ಇಲ್ಲ," ಎಂದು ಕೂತೆ.

ಪಾದ್ರಿ ಕೆಮ್ಮಿ, "ಹಾಗಾದ್ರೆ ಕೋಲು ಮಿಸ್ಟರ್ ಟಪ್‌ಹೋಮ್ ಅವರಿಗೆ..." ಎಂದು ಶುರುಮಾಡಿದರು.

ರೋಲಂಡ್ ಎದ್ದ. ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿಲ್ಲ, ಕುರಿಗಳ ಹತ್ತಿರ ಕೂಗುವ ದನಿಯಲ್ಲೇ ಮಾತಾಡಿದ.

"ನಮ್ಮ ಮನೆತನ ಹಳೇದು, ಹೌದು. ಇವ್ರಿಗಿಂತ ಹಳೇದು. ಹಂಗಿದ್ರೂ ನಮ್ಮಪ್ಪ, ನಮ್ಮಜ್ಜ, ಅವನಪ್ಪ, ಯಾರೂ ಕೋಲು ಹಿಡೀಲಿಲ್ಲ. ಯಾಕ್ರಪ್ಪಾ? ಜಗಳಗಂಟರು ನಾವು, ಹಕ್ಕಿದ್ದಿದ್ರೆ ಬಿಡ್ತಿದ್ವಾ? ಹಳೇ ಮನೆತನ ಅನ್ನೋದೆಲ್ಲ ಆಮೇಲೆ ಕಟ್ಟಿದ ಕತೆ. ಆ ಕಲ್ಲಿನ ಹತ್ರ ಕೋಲು ಹಿಡ್ಕೊಂಡು 'ಇದು ಯಾರ್ದು' ಅಂತ ಕೇಳೋದು ಯಾರು? ಆ ಮಗು ದೊಡ್ಡೋನಾಗಿ ತಾನೇ ಕೇಳಿರ್ಬೇಕು. ಅವನ ಮಗ ಕೇಳ್ದ, ಮೊಮ್ಮಗ ಕೇಳ್ದ, ಕ್ಲೆಮ್ ಕೇಳ್ದ. ಕೇಳೋರು ಅವ್ರು. ನಾವು ಉತ್ತರ ಹೇಳೋರು. ನಾನೇ ಕೇಳಿ ನಾನೇ 'ನಮ್ದು' ಅಂದ್ರೆ ಅದಕ್ಕೇನಾದ್ರೂ ಅರ್ಥ ಇದೆಯಾ?"

ಹಿಂದಿನಿಂದ ಅಂಚೆಯವನು, "ಹೆಂಗಸರು ಹಿಡಿದಿದ್ದಿಲ್ಲ," ಎಂದ.

"ನೀನು ಶಾಲೇಲಿ ಇವಳ ಕೈಯಲ್ಲಿ ಉಂಡಿಲ್ವೇನೋ? ಎರಡನೇ ಸಲ ಬಡಿಸ್ಕೊಂಡೋನು ನೀನೇ ಅಲ್ವಾ? ಸೌಟು ಹಿಡಿದ ಕೈ ಕೋಲು ಹಿಡೀದಾ?"

ಎಲ್ಲರೂ ನಕ್ಕರು. ಅಂಚೆಯವನೂ ನಕ್ಕ. ಕೋಲು ನನಗೇ ಇರಲಿ ಎನ್ನುವವರು ಕೈಯೆತ್ತಿ ಎಂದು ಪಾದ್ರಿ ಹೇಳಿದಾಗ ನಾನು ತಲೆ ತಗ್ಗಿಸಿ ಕೂತಿದ್ದೆ, ಎಷ್ಟು ಕೈಗಳು ಎಂದು ನೋಡಲಿಲ್ಲ. ಪಕ್ಕದಲ್ಲಿ ಮಾತ್ರ ಕುರಿ ವಾಸನೆಯ ಒಂದು ತೋಳು ಮೇಲೆದ್ದದ್ದು ತಿಳಿಯಿತು.

ಮೇ 12

ರೋಲಂಡ್ ಹೊಳೆದಂಡೆಯಿಂದ ವಿಲೋ ಕೊಂಬೆ ಕಡಿದು ತಂದು ಹಿತ್ತಲಲ್ಲಿ ಕೂತು ಸಿಪ್ಪೆ ಸುಲಿದ. ನನಗೆ ಗೆಣ್ಣು ಸರಿಯಾಗಿ ಕೆತ್ತಿಲ್ಲ ಅನ್ನಿಸಿತು, ಅವನಿಗೆ ಸರಿಯಾಗಿದೆ ಅನ್ನಿಸಿತು. ಊಟದವರೆಗೂ ಅದೇ ವಾದ. ಊಟವಾದ ಮೇಲೆ ಮುಂದುವರಿಸಿದೆವು. ಬಟಾಣಿ ಬಿತ್ತಿಯಾಯಿತು. ಈ ವರ್ಷ ಎರಡು ಸಾಲು ಹೆಚ್ಚು ಹಾಕಿದ್ದೇನೆ, ಯಾಕೋ.

ಮೇ 19, ಭಾನುವಾರ

ಬಿಸಿಲಿತ್ತು. ಪ್ರಾರ್ಥನೆ ಮುಗಿಸಿ ಊರಿಗೆ ಊರೇ ಹೊರಟಿತು, ಮಕ್ಕಳು, ನಾಯಿಗಳು, ತಳ್ಳುಗಾಡಿಯಲ್ಲಿ ಕೂಸುಗಳು. ಮುಂದೆ ನಾನು. ಹೊಳೆದಂಡೆಯ ಕಲ್ಲು, ಗಿರಣಿಯ ಹಿಂದಿನ ಕಲ್ಲು, ಎಲ್ಲಕ್ಕೂ ಬಡಿಯುತ್ತಾ ಬಂದೆ. ಅಂಚೆಯವನು ತನ್ನ ಮಗಳನ್ನು ಪದ್ಧತಿಯಂತೆ ತಲೆಕೆಳಗು ಮಾಡಿ ಒಂದು ಕಲ್ಲಿಗೆ ಮುಟ್ಟಿಸಿದ, ಎಲ್ಲೆ ಮರೆಯದಿರಲೆಂದು. ಅವಳು ನಗುತ್ತಾ ಇನ್ನೊಂದು ಸಲ ಎಂದಳು. ಗುಡ್ಡ ಹತ್ತುವಾಗ ನನ್ನ ಮಂಡಿ ಮುಷ್ಕರ ಹೂಡಿತು. ಹಿಂದಿನಿಂದ ರೋಲಂಡ್, "ಬೇಗ ನಡಿಯಮ್ಮಾ, ಈ ವರ್ಷದ ಬೆನ್ನು ಬಹಳ ಅಗಲ, ದಾರೀನೇ ಕಾಣ್ತಿಲ್ಲ," ಎಂದ. ತಿರುಗದೆಯೇ ಕೋಲು ಬೀಸಿದೆ. ತಗುಲಲಿಲ್ಲ.

ಕಲ್ಲು ಸೊಂಟದೆತ್ತರವೂ ಇಲ್ಲ. ಒಂದು ಪಕ್ಕ ಪಾಚಿ, ಬುಡದಲ್ಲಿ ಹುಲ್ಲು. ಒಂದು ಮಗುವನ್ನು ಇಡಬಹುದಾದಷ್ಟೇ ಜಾಗ. ಅಪ್ಪನೂ ಕ್ಲೆಮ್ಮೂ ಇಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತಿದ್ದರು. ತಾವು ಕೇಳುತ್ತಿರುವುದು ಏನೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನನ್ನ ಹಿಂದೆ ನಿಂತವರಿಗೂ ಈಗ ಗೊತ್ತಿತ್ತು. ಹಾಗಾಗಿ ಎಂದಿನ ನಗು ಗದ್ದಲ ಇರಲಿಲ್ಲ.

ಕಲ್ಲಿಗೆ ಕೋಲು ಬಡಿದೆ.

"ಇದು ಯಾರದು?"

ದನಿ ಎಷ್ಟು ಸಣ್ಣಗೆ ಬಂತೆಂದರೆ ಹಿಂದಿನವರಿಗೆ ಕೇಳಿಸಿರಲಾರದು. ಆದರೂ ಕೂಗಿದರು.

"ನಮ್ದು!"

ಎರಡನೆಯ ಸಲ ಕೇಳಿದೆ, ಕೂಗಿದರು. ಮೂರನೆಯ ಸಲ ಕೇಳಿದೆ, ಗುಡ್ಡದ ಆಚೆ ಹಾಥ್ವಿಕ್‌ಗೂ ಕೇಳಿಸುವ ಹಾಗೆ ಕೂಗಿದರು.

ಪದ್ಧತಿ ಇರುವುದು ಮೂರು ಸಲ. ನಾನು ನಾಲ್ಕನೆಯ ಸಲವೂ ಕೇಳಿದೆ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಕೂಗಿದರು.